ಮುಖ ನೋಡಿ ಮಣೆ: ಚಿಕ್ಕಮಗಳೂರು 1978

ಚುನಾವಣೆಯಲ್ಲಿ ವರ್ಚಸ್ಸಿನ ಪಾತ್ರವೇನು ಅಂತ ಪರೀಕ್ಷೆಯಲ್ಲಿ ಕೇಳಿದರೆ ನಾವೆಲ್ಲ ಬರೆಯುವುದು ಒಂದೇ ಥರ. ಚೆಂದದ ಮಾತು, ನಗುಮುಖ, ಕೈ ಬೀಸುವ ಶೈಲಿ, ಜನ ಮರುಳಾದರು. ಅಲ್ಲಿಗೆ ಐದು ಮಾರ್ಕು. ನಾನೂ ಹಾಗೇ ಬರೆದುಕೊಂಡಿದ್ದೆ. ಚಿಕ್ಕಮಗಳೂರು ಉಪಚುನಾವಣೆ ಓದಿದ ಮೇಲೆ ಆ ಪುಟ ಹೊಡೆದುಹಾಕಿದೆ.

ಮೊದಲು ಜರ್ಮನಿಯ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರ್. ಅಧಿಕಾರ ಮೂರು ಬಗೆ ಅಂದವನು: ರೂಢಿಯಿಂದ ಬಂದದ್ದು, ಕಾನೂನಿನಿಂದ ಬಂದದ್ದು, ವರ್ಚಸ್ಸಿನಿಂದ ಬಂದದ್ದು. ಇಷ್ಟು ಎಲ್ಲರಿಗೂ ಬಾಯಿಪಾಠ. ಆದರೆ ಮೂರನೆಯದರ ಬಗ್ಗೆ ಅವನು ಹೇಳಿದ ಮುಖ್ಯ ಮಾತನ್ನೇ ನಾವು ಬಿಟ್ಟುಬಿಡುತ್ತೇವೆ. ನಾಯಕನಲ್ಲಿ ನಿಜಕ್ಕೂ ಏನಿದೆ ಅನ್ನುವುದಲ್ಲ, ಹಿಂದೆ ಬರುವವರು ಅವನಲ್ಲಿ ಏನು ಕಾಣುತ್ತಾರೆ ಅನ್ನುವುದೇ ಲೆಕ್ಕ. ಅವರಿಗೆ ಕಾಣದೇ ಹೋದ ದಿನ ವರ್ಚಸ್ಸೂ ಇಲ್ಲ.

ಈಗ ಇಂದಿರಾ ಗಾಂಧಿಯವರನ್ನು ನೋಡಿ. 1977ರ ಮಾರ್ಚ್‌ನಲ್ಲಿ, ತುರ್ತು ಪರಿಸ್ಥಿತಿ ಮುಗಿಯುವ ಹೊತ್ತಿಗೆ, ರಾಯ್‌ಬರೇಲಿಯಲ್ಲಿ ರಾಜ್ ನಾರಾಯಣ್ ಎದುರು ಸುಮಾರು 55 ಸಾವಿರ ಮತಗಳಿಂದ ಸೋತರು. ಪ್ರಧಾನಿಯೇ ಸೋತದ್ದು. 1978ರ ನವೆಂಬರ್‌ನಲ್ಲಿ ಚಿಕ್ಕಮಗಳೂರಿಗೆ ಬಂದು 70 ಸಾವಿರಕ್ಕೂ ಜಾಸ್ತಿ ಅಂತರದಲ್ಲಿ ಗೆದ್ದರು. ನಡುವೆ ಇದ್ದದ್ದು ಬರೀ 20 ತಿಂಗಳು. ಅದೇ ಮುಖ, ಅದೇ ಸೀರೆ, ತಲೆಯಲ್ಲಿ ಅದೇ ಬಿಳಿ ಎಳೆ. ಬದಲಾಗಿದ್ದು ನೋಡುವ ಕಣ್ಣು, ಅಲ್ವಾ?

ಇಲ್ಲಿ ಕಣ್ಣು ಯಾಕೆ ಬೇರೆಯಾಗಿತ್ತು? 1977ರಲ್ಲಿ ಉತ್ತರ ಭಾರತದಲ್ಲಿ ನೆಲಕಚ್ಚಿದ ಕಾಂಗ್ರೆಸ್ ಕರ್ನಾಟಕದ 28 ಸೀಟುಗಳಲ್ಲಿ 26 ಗೆದ್ದಿತ್ತು. ಮುಖ್ಯಮಂತ್ರಿ ದೇವರಾಜ ಅರಸು. 1974ರ ಭೂಸುಧಾರಣೆ ತಿದ್ದುಪಡಿಯಿಂದ ಗೇಣಿ ಮಾಡುತ್ತಿದ್ದವರು ಹೊಲದ ಒಡೆಯರಾಗುವ ದಾರಿ ತೆರೆದಿತ್ತು. ಚಿಕ್ಕಮಗಳೂರಿನ ಸಂಸದರಾಗಿದ್ದ ಡಿ.ಬಿ. ಚಂದ್ರೇಗೌಡರು ಬಿಟ್ಟುಕೊಟ್ಟ ಈ ಸೀಟನ್ನು ಲಾಟರಿ ಎತ್ತಿ ಆರಿಸಿದ್ದಲ್ಲ. ಎದುರಿಗಿದ್ದವರು ಮಾಜಿ ಮುಖ್ಯಮಂತ್ರಿ ವೀರೇಂದ್ರ ಪಾಟೀಲರು. ಸಜ್ಜನ, ಒಳ್ಳೆಯ ಆಡಳಿತಗಾರ ಅಂತ ಹೆಸರಿತ್ತು. ಆದರೆ ಹಳ್ಳಿಯ ಹೆಂಗಸರಿಗೆ ಇಂದಿರಾ ಗಾಂಧಿ ‘ಇಂದಿರಮ್ಮ’ ಆಗಿದ್ದರು. ಆ ‘ಅಮ್ಮ’ವನ್ನು ಯಾವ ಪಕ್ಷದ ಕಚೇರಿಯೂ ಕೂಡಿಸಲಾರದು. ಪಾಟೀಲರು ‘ಪಾಟೀಲರು’ ಆಗಿಯೇ ಉಳಿದರು.

ಹಾಗಾದರೆ ಎಲ್ಲ ಅರಸು ಅವರ ಕೆಲಸ, ಇಂದಿರಾ ಸುಮ್ನೆ ಬಂದು ಕೂತರು ಅನ್ನೋಣವೇ? ನಾನು ಸ್ವಲ್ಪ ದಿನ ಹಾಗೇ ಅಂದುಕೊಂಡಿದ್ದೆ. ಆದರೆ 1979ರಲ್ಲಿ ಇಬ್ಬರೂ ಮುರಿದುಕೊಂಡರು. 1980ರ ಲೋಕಸಭಾ ಚುನಾವಣೆಯಲ್ಲಿ ಅರಸು ಇಲ್ಲದ ಇಂದಿರಾ ಕಾಂಗ್ರೆಸ್ ಕರ್ನಾಟಕದಲ್ಲಿ 28ಕ್ಕೆ 27 ಗೆದ್ದಿತು. ಜಮೀನು ಕೊಡಿಸಿದವರು ಬರಿಗೈ. ಬೇರೊಬ್ಬರು ಮಾಡಿದ ಕೆಲಸದ ಪುಣ್ಯವೂ ತನ್ನ ಲೆಕ್ಕಕ್ಕೆ ಜಮಾ ಆಗುವಂತೆ ಮಾಡುವುದು ವರ್ಚಸ್ಸಿನ ದೊಡ್ಡ ಶಕ್ತಿ. ಉತ್ತರದಲ್ಲಿ ಈ ಸಾಲು ಬಿಡಬೇಡಿ. 1983ರಲ್ಲಿ ಅದೂ ಕೈಕೊಟ್ಟಿತು: ಇಂದಿರಾ ಪ್ರಧಾನಿಯಾಗಿರುವಾಗಲೇ ರಾಜ್ಯದಲ್ಲಿ ಕಾಂಗ್ರೆಸ್ ಸೋತು, ರಾಮಕೃಷ್ಣ ಹೆಗಡೆಯವರ ಸರ್ಕಾರ ಬಂತು. ದೆಹಲಿಗೆ ಯಾರು ಅಂದಾಗ ಕಂಡ ಮುಖ, ಬೆಂಗಳೂರಿಗೆ ಯಾರು ಅಂದಾಗ ಕಾಣಲಿಲ್ಲ.

ಇನ್ನೊಂದು ಗೊಂದಲ: ಚೆಂದದ ಮುಖ ಬೇರೆ, ವರ್ಚಸ್ಸು ಬೇರೆ. 2009ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಸ್ವಿಟ್ಜರ್ಲೆಂಡಿನ ಮಕ್ಕಳಿಗೆ ಹಡಗಿನ ಆಟ ಆಡಿಸಿ, ಎರಡೆರಡು ಫೋಟೋ ತೋರಿಸಿ, ಇವರಲ್ಲಿ ಕ್ಯಾಪ್ಟನ್ ಯಾರಾಗಲಿ ಅಂತ ಕೇಳಿದರು. ಫೋಟೋದಲ್ಲಿದ್ದವರು ಫ್ರಾನ್ಸಿನ ಸಂಸತ್ ಚುನಾವಣೆಯ ಎದುರಾಳಿಗಳು. ನೂರಕ್ಕೆ ಸುಮಾರು 70 ಸಲ ಮಕ್ಕಳು ಬೆರಳಿಟ್ಟದ್ದು ಗೆದ್ದವರ ಮೇಲೆ! ಮಜವಾಗಿದೆ, ಆದರೆ ಇದು ಗುರುತಿಲ್ಲದ ಮುಖದ ಮಾತು. ಇದನ್ನು ತಂದು ಚಿಕ್ಕಮಗಳೂರಿಗೆ ಅಂಟಿಸಬೇಡಿ. ಅಲ್ಲಿ ಮುಖ ಎಲ್ಲರಿಗೂ ಗೊತ್ತಿತ್ತು.

ಕೊನೆಗೆ ಎರಡು ಅಂಕಿ, ಪುಟದ ಅಂಚಿನಲ್ಲಿ ಬರೆದಿಟ್ಟುಕೊಳ್ಳಿ. ಇಂದಿರಾ ಹೆಸರಿನಲ್ಲಿ 1978ರ ವಿಧಾನಸಭೆಯಲ್ಲಿ ಕಾಂಗ್ರೆಸ್ಸಿಗೆ ಬಂದದ್ದು 224ರಲ್ಲಿ 149. ಮುಂದೆ ಕಾಂಗ್ರೆಸ್ ಸೇರಿದ ಅದೇ ವೀರೇಂದ್ರ ಪಾಟೀಲರು ರಾಜ್ಯಾಧ್ಯಕ್ಷರಾಗಿದ್ದಾಗ, 1989ರಲ್ಲಿ, ಬಂದದ್ದು 178.