ರಸೀದಿಯ ಗದ್ದೆ, ನೆರೆಯವರ ಸಾಕ್ಷಿ: ಜಾವಾ ಹಳ್ಳಿಯ ಜಮೀನು ಕಾಗದದ ಕಥೆ

ಕಂದಾಯ ಕಟ್ಟಿದ ರಸೀದಿ ಕೈಯಲ್ಲಿದ್ದರೆ ಜಮೀನು ನಮ್ಮದೇ ಎಂದು ನಂಬುವವರು ನಮ್ಮ ಕಡೆಯೂ ಜಾಸ್ತಿ. ಖಾತೆ ಬೇರೆ, ಒಡೆತನ ಬೇರೆ ಎಂದು ವಕೀಲರು ಎಷ್ಟು ಸಲ ಹೇಳಿದರೂ ಅದು ಮನಸ್ಸಿಗೆ ಇಳಿಯುವುದಿಲ್ಲ. ಇಂಡೋನೇಷ್ಯಾದ ಜಾವಾ ದ್ವೀಪದ ಹಳ್ಳಿಗಳಲ್ಲಿ ಇದೇ ಗೊಂದಲಕ್ಕೆ ಹೆಚ್ಚುಕಡಿಮೆ ಇನ್ನೂರು ವರ್ಷ. ಅಲ್ಲಿನ ರಸೀದಿಗೆ ಒಂದೊಂದು ಕಡೆ ಒಂದೊಂದು ಹೆಸರು. ಪಶ್ಚಿಮದಲ್ಲಿ ಗಿರಿಕ್, ಪೂರ್ವದಲ್ಲಿ ಪೆತೊಕ್. ಹುಟ್ಟಿನಿಂದ ಎರಡೂ ತೆರಿಗೆಯ ಕಾಗದಗಳೇ. ಆದರೆ ಸಾಲ, ಪಾಲು, ಮಾರಾಟ ಎಲ್ಲ ನಡೆದುಬಂದದ್ದು ಇವನ್ನೇ ನಂಬಿಕೊಂಡು.

ಈಗ ಗಲಾಟೆ ಎದ್ದಿರುವುದು ಒಂದು ಗಡುವಿನಿಂದ. 2021ರ ಫೆಬ್ರವರಿ 2ರಂದು ಬಂದ ಸರ್ಕಾರಿ ನಿಯಮವೊಂದು, ಇಂಥ ಹಳೆಯ ಕಾಗದ ಇದ್ದವರು 5 ವರ್ಷದೊಳಗೆ ಜಮೀನು ನೋಂದಾಯಿಸಬೇಕು ಎಂದಿತು. ಆಮೇಲೆ ಗಿರಿಕ್ ಹಕ್ಕಿನ ಪುರಾವೆಯಾಗಿ ನಡೆಯುವುದಿಲ್ಲ, ಸುಳಿವಾಗಿ ಮಾತ್ರ ತೋರಿಸಬಹುದು. ಅಂದರೆ ಲೆಕ್ಕ ಮುಗಿಯುವುದು 2026ರ ಫೆಬ್ರವರಿಗೆ. ಗಡುವು ಹತ್ತಿರವಾದಂತೆ, ನೋಂದಣಿ ಆಗದ ಜಮೀನನ್ನು ಸರ್ಕಾರ ಕಿತ್ತುಕೊಳ್ಳುತ್ತದಂತೆ ಎಂಬ ಗಾಳಿಸುದ್ದಿ ಹರಡಿತು. ಹಾಗೇನಿಲ್ಲ ಎಂದು ಸಚಿವಾಲಯವೇ ಹೇಳಬೇಕಾಯಿತು. 'ಇದು ಪುರಾವೆಯಲ್ಲ' ಎನ್ನುವುದಕ್ಕೂ 'ಇದು ನಿನ್ನದಲ್ಲ' ಎನ್ನುವುದಕ್ಕೂ ಕಚೇರಿಯಲ್ಲಿ ಕೂತವರಿಗೆ ಬಹಳ ಅಂತರ ಕಾಣುತ್ತದೆ. ಗದ್ದೆಯಲ್ಲಿ ನಿಂತವರಿಗೆ ಅಷ್ಟು ಕಾಣುವುದಿಲ್ಲ.

ಕಥೆಯ ಆರಂಭದಲ್ಲಿ ನಮಗೆ ಪರಿಚಯದ ಮುಖವೊಂದಿದೆ. ಟಿಪ್ಪು ಮಡಿದ ಮೇಲೆ ಮೈಸೂರು ಸೀಮೆಯನ್ನು ಅಳೆದು, ಊರೂರಿನ ಕೈಫಿಯತ್ತು ಕೂಡಿಹಾಕಿದ ಕಾಲಿನ್ ಮೆಕೆಂಜಿ. 1811ರಲ್ಲಿ ಬ್ರಿಟಿಷರು ಡಚ್ಚರ ಕೈಯಿಂದ ಜಾವಾ ಕಿತ್ತುಕೊಂಡಾಗ ಅವನೂ ಅಲ್ಲಿಗೆ ಹೋದ. ಹಳ್ಳಿಯ ಜಮೀನು ಯಾರದು, ಅದರಿಂದ ಸರ್ಕಾರಕ್ಕೆ ಎಷ್ಟು ಬರಬೇಕು ಎಂದು ವಿಚಾರಿಸುವ ಆಯೋಗಕ್ಕೆ ಅವನೇ ಮುಖ್ಯಸ್ಥ. ಅಲ್ಲಿ ಆಳುತ್ತಿದ್ದ ಸ್ಟ್ಯಾಮ್‌ಫರ್ಡ್ ರಾಫಲ್ಸ್ ಅದರ ಬೆನ್ನಿಗೇ ಭೂಕಂದಾಯ ಹೇರಿದ. ಭೂಮಿಯೆಲ್ಲ ದೊರೆಯದು, ರೈತ ಬಾಡಿಗೆದಾರ, ಬಾಡಿಗೆ ವಸೂಲಿ ಮಾಡುವವನು ಊರ ಮುಖ್ಯಸ್ಥ ಎಂಬುದು ಅದರ ತಿರುಳು. ಬ್ರಿಟಿಷರು 1816ರಲ್ಲಿ ಜಾವಾವನ್ನು ಡಚ್ಚರಿಗೇ ವಾಪಸು ಕೊಟ್ಟು ಹೊರಟುಹೋದರು. ಕಂದಾಯ ಮಾತ್ರ ಅಲ್ಲೇ ಉಳಿಯಿತು.

ಮುಂದಿನ ನೂರು ವರ್ಷವನ್ನು ಎರಡೇ ಮಾತಿನಲ್ಲಿ ಮುಗಿಸಬಹುದು. 1830ರಿಂದ ಹಳ್ಳಿಗಳ ಗದ್ದೆಯಲ್ಲಿ ಒಂದು ಪಾಲು ಕಬ್ಬು, ನೀಲಿಗೆ ಹೋಯಿತು, ಬೆಟ್ಟದ ಮೇಲಿನವರು ಕಾಫಿ ಬೆಳೆದುಕೊಡಬೇಕಾಯಿತು. 1870ರ ಕಾನೂನಿನ ಜೊತೆ, ಯಾರೂ ತಮ್ಮದೆಂದು ಸಾಬೀತು ಮಾಡಲಾಗದ ನೆಲವೆಲ್ಲ ಸರ್ಕಾರದ್ದು ಎಂಬ ಘೋಷಣೆ ಬಂತು. ಸಾಬೀತು ಮಾಡುವ ಹೊರೆ ಉಳುವವನ ತಲೆಗೆ ಬಿದ್ದದ್ದು ಆಗ, ಮತ್ತೆ ಅದು ಇಳಿದೇ ಇಲ್ಲ.

ಬಿಳಿಯರಿಗೆ ಪಕ್ಕಾ ದಸ್ತಾವೇಜು ಇತ್ತು. ಹಳ್ಳಿಯವರಿಗೆ ಇದ್ದದ್ದು ತೆರಿಗೆ ರಸೀದಿ ಮತ್ತು ಊರ ಕಚೇರಿಯ ಒಂದು ಪುಸ್ತಕ. ಅದರ ಹೆಸರು 'ಲೆಟರ್ ಸಿ'. ನಮ್ಮ ಶಾನುಭೋಗರ ಲೆಕ್ಕದ ಪುಸ್ತಕ ನೆನಪಿಸಿಕೊಳ್ಳಿ, ಅದರ ದಾಯಾದಿಯೇ ಇದು. ಹೆಸರು, ನಂಬರು, ತುಂಡಿನ ಗುರುತು, ವಿಸ್ತೀರ್ಣ, ತೆರಿಗೆ ಎಷ್ಟು ಎಂಬ ಕಾಲಂಗಳು. ಗದ್ದೆಗೆ 'ಎಸ್', ಒಣಭೂಮಿಗೆ 'ಡಿ', ಅದರ ಮುಂದೆ ದರ್ಜೆ. ನಮ್ಮ ತರಿ, ಖುಷ್ಕಿ ಇದ್ದಂತೆ. ಕೊನೆಯಲ್ಲಿ ಒಂದು ಕಾಲಂ: ಬದಲಾವಣೆ ಯಾವಾಗ ಆಯಿತು, ಏಕೆ ಆಯಿತು. ಊರಿನ ಸಾವು, ಜಗಳ, ಸಾಲ ಎಲ್ಲ ಆ ಇಕ್ಕಟ್ಟಾದ ಕಾಲಂನಲ್ಲಿ ಅಡಗಿ ಕೂತಿರುತ್ತವೆ.

ಪುಸ್ತಕ ಇರುವುದು ಊರಿಗೆ ಒಂದೇ. ಬರೆಯುವ ಪೆನ್ನೂ ಊರವರದೇ. ಅಜ್ಜ ಸತ್ತು ಮೂವತ್ತು ವರ್ಷವಾದರೂ ಗದ್ದೆ ಅವನ ಹೆಸರಲ್ಲೇ ಇರುವುದು ಸಾಮಾನ್ಯ. ಮಕ್ಕಳು ಬಾಯಿಮಾತಿನಲ್ಲಿ ಪಾಲು ಮಾಡಿಕೊಂಡಿರುತ್ತಾರೆ. ಗಂಡುಮಗನಿಗೆ ಅಡ್ಡೆಯ ಎರಡು ಬುಟ್ಟಿ, ಹೆಣ್ಣುಮಗಳಿಗೆ ಬೆನ್ನ ಮೇಲಿನ ಒಂದು ಹೊರೆ ಎಂಬ ಹಳೆಯ ಲೆಕ್ಕ ಕೆಲವರದು. ಎಲ್ಲರಿಗೂ ಸಮಪಾಲು ಎನ್ನುವವರು ಬೇಕಾದಷ್ಟು. ಬದು ಎಲ್ಲಿದೆ ಎಂದು ಕೇಳಿದರೆ ಅಳತೆಪಟ್ಟಿ ಹೊರಗೆ ಬರುವುದಿಲ್ಲ, ಪಕ್ಕದ ಗದ್ದೆಯವನು ಬರುತ್ತಾನೆ. ಪಶ್ಚಿಮ ಜಾವಾದಲ್ಲಾದರೆ ಕೆಂಪೆಲೆಯ ಹಾಂಜುವಾಂಗ್ ಗಿಡವನ್ನು ತೋರಿಸುತ್ತಾರೆ. ಎಲ್ಲೆಗೆ ನೆಡುವ ಗಿಡ ಅದು. ಇಷ್ಟು ಸಡಿಲವಾದ ವ್ಯವಸ್ಥೆ ಜಗಳ ತರುವುದಿಲ್ಲವೇ? ತರುತ್ತದೆ. ಹಣೆ ಮುಟ್ಟಿದರೂ, ಬೆರಳಗಲ ನೆಲ ಮುಟ್ಟಿದರೂ ಪ್ರಾಣ ಪಣಕ್ಕೆ ಎಂಬ ಗಾದೆ ಜಾವಾದಲ್ಲಿದೆ. ಮಾನಕ್ಕೂ ಬದುವಿಗೂ ಒಂದೇ ತಕ್ಕಡಿ.

ಆದರೂ ದಿನದ ಬದುಕು ನಡೆಯುತ್ತಿತ್ತು, ಏಕೆಂದರೆ ನಿಮ್ಮ ಬದುವಿಗೆ ಸಾಕ್ಷಿಯಾದವನೇ ರಾತ್ರಿ ನಿಮ್ಮ ದನವನ್ನೂ ಕಾಯುತ್ತಿದ್ದ. ಈ ಕಾವಲಿಗೆ ರೋಂಡಾ ಎನ್ನುತ್ತಾರೆ. ಸರದಿಯ ಮೇಲೆ ಗಂಡಸರು ರಾತ್ರಿ ಸುತ್ತುತ್ತಾರೆ. ಬೀದಿ ತುದಿಯ ಪುಟ್ಟ ಗುಡಿಸಲಲ್ಲಿ ಕಾಫಿ, ಇಸ್ಪೀಟು, ಹರಟೆ. ಅಲ್ಲೊಂದು ಟೊಳ್ಳು ಮರದ ಕೆಂತೊಂಗಾನ್ ನೇತಾಡುತ್ತಿರುತ್ತದೆ. ಅದನ್ನು ಬಿಡದೆ ಬಡಬಡ ಬಾರಿಸಿದರೆ ಅಪಾಯ ಎಂದೇ ಅರ್ಥ, ಮಲಗಿದ್ದವರು ಎದ್ದು ಓಡಿಬರಬೇಕು. ನನಗೆ ಇಷ್ಟವಾದ ಪದ್ಧತಿ ಜಿಂಪಿತಾನ್. ಮನೆಮುಂದೆ ಒಂದು ಪುಟ್ಟ ಡಬ್ಬಿ ತೂಗುಹಾಕಿ ಅದರಲ್ಲಿ ಒಂದು ಚಿಟಿಕೆ ಅಕ್ಕಿ ಹಾಕಿಡುತ್ತಾರೆ. ಕಾವಲಿನವರು ಅದನ್ನು ಬಗ್ಗಿಸಿಕೊಂಡು ಹೋಗುತ್ತಾರೆ. ಕೂಡಿದ ಅಕ್ಕಿ ಊರ ಖರ್ಚಿಗೆ. ಡಬ್ಬಿಗಳನ್ನು ನೋಡುತ್ತಾ ಹೋದರೆ ಮನೆಮನೆಯ ಹಾಜರಿಯೂ ಆದಂತೆ, ಅಲ್ವಾ? ಈಗ ಅಕ್ಕಿಯ ಬದಲು ಐನೂರೋ ಸಾವಿರವೋ ರೂಪಾಯಾ ನಾಣ್ಯ ಇಡುವುದೇ ಜಾಸ್ತಿ.

ಆ ಕಣ್ಣುಗಳು ಕಳ್ಳನ ಮೇಲೆ ಮಾತ್ರ ಇರಲಿಲ್ಲ. 1944ರಲ್ಲಿ, ಯುದ್ಧದ ಕಾಲದಲ್ಲಿ, ಜಾವಾವನ್ನು ಹಿಡಿದಿದ್ದ ಜಪಾನೀಯರು ತಮ್ಮ ದೇಶದ ಮಾದರಿಯಲ್ಲಿ ಹತ್ತಿಪ್ಪತ್ತು ಮನೆಗೊಂದು ನೆರೆಕೂಟ ಕಟ್ಟಿದರು. ಅದು ಈಗಲೂ 'ಆರ್‌ಟಿ' ಎಂಬ ಹೆಸರಲ್ಲಿದೆ. ಅತಿಥಿಗಳು 24 ಗಂಟೆಯೊಳಗೆ ವರದಿ ಮಾಡಿಕೊಳ್ಳಬೇಕು ಎಂಬ ಫಲಕ ಇಂದಿಗೂ ಓಣಿ ಬಾಯಲ್ಲಿ ಕಾಣುತ್ತದೆ. ಅಕ್ಕಿ ಎಣಿಸುವ ಕೈಗೆ ಆಳು ಎಣಿಸುವುದೂ ಗೊತ್ತಿತ್ತು ಅನ್ನಿ.

1960ರ ಸೆಪ್ಟೆಂಬರ್ 24ರಂದು ಸ್ವತಂತ್ರ ಇಂಡೋನೇಷ್ಯಾದ ಮೂಲ ಭೂಕಾನೂನು ಬಂತು. ಡಚ್ಚರ ಎರಡು ತರದ ಕಾನೂನು ಹೋಗಿ ಒಂದೇ ಆಯಿತು, ದೇಶವಿಡೀ ನೋಂದಣಿ ಮಾಡುತ್ತೇವೆ ಎಂಬ ಮಾತೂ ಬಂತು. ಅದೇ ವರ್ಷ ಸುಪ್ರೀಂ ಕೋರ್ಟ್ ತೆರಿಗೆ ಕಾಗದ ಒಡೆತನಕ್ಕೆ ಖಚಿತ ಪುರಾವೆಯಲ್ಲ ಎಂದಿತು. ಕಾಗದ ಬೇಡ ಎಂದವರು ಬೇರೆ ಕಾಗದ ಕೊಡಲು ಹಳ್ಳಿಗೆ ಬರಲಿಲ್ಲ. ಜನದಟ್ಟಣೆ ತೀರಾ ಹೆಚ್ಚಿದ್ದ ಕಡೆ ಗದ್ದೆಗೆ 5 ಹೆಕ್ಟೇರ್ ಮಿತಿ ಹಾಕಿ, ಮಿಕ್ಕಿದ್ದನ್ನು ಹಂಚುವ ಕೆಲಸ ಶುರುವಾಯಿತು, ಕುಂಟುತ್ತಾ. ಕಾದು ಸಾಕಾದ ಬಡರೈತರು 1964ರ ಹೊತ್ತಿಗೆ ಕಮ್ಯುನಿಸ್ಟರ ಬೆಂಬಲದಿಂದ ತಾವೇ ಗದ್ದೆಗಿಳಿದರು. ಹೊಡೆದಾಟಗಳಾದವು.

ಆಮೇಲೆ 1965 ಬಂತು. ಸೇನೆ ಮತ್ತು ಅದರ ಜೊತೆ ನಿಂತ ಗುಂಪುಗಳು ಕಮ್ಯುನಿಸ್ಟರೆಂದು ಗುರುತಿಸಿದವರನ್ನು ಕೊಂದವು. ಸತ್ತವರು ಕನಿಷ್ಠ 5 ಲಕ್ಷ ಎಂಬುದು ಸಾಮಾನ್ಯ ಅಂದಾಜು. ಜಾವಾ ಮತ್ತು ಬಾಲಿಯ ಹಳ್ಳಿಗಳಿಗೆ ಬಿದ್ದ ಪೆಟ್ಟು ದೊಡ್ಡದು. ಯಾರ ಮನೆ ಯಾವುದು, ಯಾರು ಯಾರ ಕಡೆ ಎಂದು ಬಲ್ಲವರು ನೆರೆಯವರೇ ತಾನೇ? ಹಂಚಿದ್ದ ಗದ್ದೆ ಎಷ್ಟೋ ಕಡೆ ಹಳೆಯ ಒಡೆಯರಿಗೆ ವಾಪಸಾಯಿತು, ಇಲ್ಲವೇ ಮೂರನೆಯವರ ಕೈಸೇರಿತು. ತನ್ನ ಬದುವಿಗೆ ಸಾಕ್ಷಿಯಾಗಿದ್ದವನು ಸತ್ತಿದ್ದ, ಅಥವಾ ಬಾಯಿ ಬಿಡಲು ಹೆದರುತ್ತಿದ್ದ. ಮುಂದಿನ ಮೂರು ದಶಕ ಭೂಹಂಚಿಕೆ ಎಂಬ ಪದವನ್ನೇ ಜನ ಮೆಲ್ಲಗೆ ಆಡುತ್ತಿದ್ದರು.

ಆಮೇಲೆ ಅಧ್ಯಕ್ಷನಾದ ಸುಹಾರ್ತೋ ಕಾಲದಲ್ಲಿ ಹಂಚಿಕೆ ಹಿಂದೆ ಸರಿದು, ನೋಂದಾಯಿಸಿದ ಜಮೀನಿಗೆ ಕೊಡುವ ಹಕ್ಕಿನ ಸರ್ಟಿಫಿಕೇಟ್ ಮುಂದೆ ಬಂತು. 1981ರಲ್ಲಿ ಬಡವರಿಗಾಗಿ ಒಂದು ಯೋಜನೆ ಶುರುವಾಯಿತು, ನಿಧಾನವಾಗಿ ತೆವಳಿತು. 1985ರಲ್ಲಿ ಹೊಸ ತೆರಿಗೆ ಕಾನೂನು ಬಂದು ಗಿರಿಕ್‌ನ ಕಾಲ ಮುಗಿಯುತ್ತಾ ಬಂತು. ಜನ ಹೊಸ ತೆರಿಗೆ ಚೀಟಿಯನ್ನು ಹಳೆಯ ಗಿರಿಕ್ ಜೊತೆಯಲ್ಲೇ ಮಡಚಿಟ್ಟರು. ರಸೀದಿ ರಸೀದಿಯೇ ಅಲ್ವಾ.

ನಿಜವಾದ ಓಟ ಕಂಡದ್ದು ಜೋಕೋ ವಿಡೋಡೋ ಅಧ್ಯಕ್ಷರಾದ ಮೇಲೆ. ದೇಶದಲ್ಲಿ 12.6 ಕೋಟಿ ತುಂಡು ಭೂಮಿ, 2015ರಲ್ಲಿ ಸರ್ಟಿಫಿಕೇಟ್ ಇದ್ದದ್ದು 4.6 ಕೋಟಿಗೆ, ವರ್ಷಕ್ಕೆ 5 ಲಕ್ಷದಂತೆ ಹೋದರೆ ಇನ್ನೂ 160 ವರ್ಷ ಕಾಯಬೇಕು ಎಂದು ಅವರು ಊರೂರಲ್ಲಿ ಹೇಳುತ್ತಿದ್ದರು. 2017ಕ್ಕೆ 50 ಲಕ್ಷದ ಗುರಿ, 2018ಕ್ಕೆ 70 ಲಕ್ಷ. ಸರ್ಟಿಫಿಕೇಟ್ ಹಂಚುವ ಸಭೆಗಳಲ್ಲಿ ಜನರನ್ನು ವೇದಿಕೆಗೆ ಕರೆದು ಮೀನುಗಳ ಹೆಸರು ಹೇಳಿಸಿ ಸೈಕಲ್ ಕೊಡುವುದೂ ಇತ್ತು. ಜಾವಾ, ಬಾಲಿಯಲ್ಲಿ ಹಳ್ಳಿಯ ತಯಾರಿ ಖರ್ಚಿಗೆ 1.5 ಲಕ್ಷ ರೂಪಾಯಾ ಎಂದು 2017ರಲ್ಲಿ ಮೂವರು ಮಂತ್ರಿಗಳು ಸೇರಿ ನಿಗದಿ ಮಾಡಿದರು. 2023ರ ಫೆಬ್ರವರಿ 3ರಂದು ದೇಶವಿಡೀ 10 ಲಕ್ಷ ಎಲ್ಲೆಗೂಟ ನೆಡುವ ಅಭಿಯಾನವೂ ಆಯಿತು.

ಅಳತೆಗೆ ಬಂದ ಮೋಜಣಿದಾರನ ಕೈಯಲ್ಲಿ ಉಪಗ್ರಹ ನೋಡಿ ಜಾಗ ಹೇಳುವ ಯಂತ್ರ. ಆದರೂ ಅಳತೆಯ ನಿಯಮದ ಪ್ರಕಾರ ಬದು ನಿಲ್ಲುವುದು ಅಕ್ಕಪಕ್ಕದವರು ಬಂದು, ತೋರಿಸಿ, ಒಪ್ಪಿದಾಗ. ಕಾಗದ ಏನೂ ಇಲ್ಲದವರಿಗೂ 1997ರ ನಿಯಮದಲ್ಲಿ ದಾರಿ ಇದೆ. 20 ವರ್ಷ ಪ್ರಾಮಾಣಿಕವಾಗಿ ಅನುಭವದಲ್ಲಿದ್ದರೆ, ಅದಕ್ಕೆ ನಂಬಿಕಸ್ಥ ಸಾಕ್ಷಿಗಳಿದ್ದರೆ ಸಾಕು. ಇನ್ನೂರು ವರ್ಷ ಕಾಗದ ಬದಲಾಯಿಸಿದ ಮೇಲೆ ಅಧಿಕಾರಿ ಕೇಳುವುದು ಪಕ್ಕದ ಮನೆಯವನನ್ನೇ. ಕಷ್ಟವೆಂದರೆ ಅವನೀಗ ಜಕಾರ್ತಾದಲ್ಲೋ ಮಲೇಷ್ಯಾದಲ್ಲೋ ದುಡಿಯುತ್ತಿರಬಹುದು. ರೋಂಡಾ ಸರದಿಗೂ ಎಷ್ಟೋ ಕಡೆ ಜನ ಸಿಗುತ್ತಿಲ್ಲ.

ಹಾಗೆ ನೋಡಿದರೆ ನೋಂದಾಯಿಸಲು ಉಳಿದ ಗದ್ದೆಯೂ ಸಣ್ಣದೇ. 2023ರ ಕೃಷಿ ಗಣತಿಯಲ್ಲಿ ಅರ್ಧ ಹೆಕ್ಟೇರಿಗಿಂತ ಕಡಿಮೆ ಭೂಮಿಯಿರುವ ರೈತ ಕುಟುಂಬಗಳು ದೇಶದಲ್ಲಿ ಸುಮಾರು 1.69 ಕೋಟಿ. ಹತ್ತು ವರ್ಷ ಹಿಂದೆ 1.42 ಕೋಟಿ ಇದ್ದವು. ಸರ್ಟಿಫಿಕೇಟ್ ಬಂದ ಮನೆಗಳಲ್ಲಿ ಅದು ಪೆಟ್ಟಿಗೆಯಲ್ಲಿ ಬಹಳ ದಿನ ಉಳಿಯುತ್ತದೆ ಎಂದೇನಿಲ್ಲ. ಬೀಜ, ಗೊಬ್ಬರ, ಬೈಕು, ಮಗಳ ಮದುವೆ. ಬ್ಯಾಂಕಿಗೆ ಅಡವಿಟ್ಟ ಕಾಗದದ ಬಗ್ಗೆ ಕೇಳಿದರೆ ಅಲ್ಲಿನವರು ನಗುತ್ತಾ ಹೇಳುವ ಮಾತೊಂದಿದೆ: ಅದನ್ನು ಶಾಲೆಗೆ ಸೇರಿಸಿದ್ದೇವೆ.