ಟ್ರಿಪಲ್ ಕ್ರೌನ್: ಮೂರನೇ ರೇಸ್‌ನಲ್ಲೇ ಯಾಕೆ ಕೈತಪ್ಪುತ್ತೆ?

1973ರಲ್ಲಿ ಸೆಕ್ರೆಟೇರಿಯಟ್, 1977ರಲ್ಲಿ ಸಿಯಾಟಲ್ ಸ್ಲೂ, 1978ರಲ್ಲಿ ಅಫರ್ಮ್ಡ್. ಆರೇ ವರ್ಷದಲ್ಲಿ ಮೂರು ಕುದುರೆಗಳು ಅಮೆರಿಕದ ಟ್ರಿಪಲ್ ಕ್ರೌನ್ ಗೆದ್ದವು, ಅಂದರೆ ಒಂದೇ ವರ್ಷ ಮೂರು ದೊಡ್ಡ ಕುದುರೆ ರೇಸ್‌ಗಳನ್ನೂ ಗೆದ್ದವು. ಆಮೇಲೆ 37 ವರ್ಷ ಒಂದಕ್ಕೂ ಅದು ದಕ್ಕಲಿಲ್ಲ.

ಇಲ್ಲಿ ಓಡುವುದು ಮೂರು ವರ್ಷದ ಕುದುರೆಗಳು ಮಾತ್ರ. ಅಂದರೆ ಒಂದು ಕುದುರೆಗೆ ಜೀವಮಾನದಲ್ಲಿ ಒಂದೇ ಅವಕಾಶ. ಮೇ ತಿಂಗಳ ಮೊದಲ ಶನಿವಾರ ಲೂಯಿವಿಲ್‌ನಲ್ಲಿ ಕೆಂಟಕಿ ಡರ್ಬಿ, ಸುಮಾರು 2 ಕಿ.ಮೀ. ಎರಡು ವಾರ ಬಿಟ್ಟು ಪ್ರೀಕ್ನೆಸ್, ಅದರ ಮನೆ ಬಾಲ್ಟಿಮೋರ್, ದೂರ ಸ್ವಲ್ಪ ಕಡಿಮೆ. ಇನ್ನು ಮೂರು ವಾರಕ್ಕೆ ನ್ಯೂಯಾರ್ಕಿನ ಬೆಲ್ಮಾಂಟ್, ಮಾಮೂಲಿ ದೂರ 2.4 ಕಿ.ಮೀ. ಅಷ್ಟು ದೂರ ಹೆಚ್ಚಿನ ಕುದುರೆಗಳು ಅದಕ್ಕೆ ಮುಂಚೆ ಓಡಿಯೇ ಇರುವುದಿಲ್ಲ. (2024, 2025ರಲ್ಲಿ ಬೆಲ್ಮಾಂಟ್ ಬೇರೆ ಟ್ರ್ಯಾಕ್‌ನಲ್ಲಿ, ಸುಮಾರು 2 ಕಿ.ಮೀ. ದೂರಕ್ಕೆ ನಡೆಯಿತು.)

ಈ ಮೂರನ್ನೂ ಯಾರೂ ಕೂತು ಒಂದು ಸರಣಿ ಅಂತ ಕಟ್ಟಲಿಲ್ಲ. ಬೆಲ್ಮಾಂಟ್ ಶುರುವಾಗಿದ್ದು 1867ರಲ್ಲಿ, ಪ್ರೀಕ್ನೆಸ್ 1873ರಲ್ಲಿ, ಡರ್ಬಿ 1875ರಲ್ಲಿ. 1919ರಲ್ಲಿ ಸರ್ ಬಾರ್ಟನ್ ಮೂರನ್ನೂ ಮೊದಲ ಸಲ ಗೆದ್ದಾಗ ಅದಕ್ಕೊಂದು ಕಿರೀಟ ಇದೆ ಅಂತ ಯಾರೂ ಅಂದುಕೊಂಡಿರಲಿಲ್ಲ. ಆ ಕುದುರೆ ಡರ್ಬಿಗೆ ಮುಂಚೆ ಒಂದೂ ರೇಸ್ ಗೆದ್ದಿರಲಿಲ್ಲ! ಡರ್ಬಿ ಗೆದ್ದ ನಾಲ್ಕೇ ದಿನಕ್ಕೆ ಪ್ರೀಕ್ನೆಸ್ ಗೆದ್ದಿತು, ಬೆಲ್ಮಾಂಟ್‌ಗೆ ಮೊದಲು ನಡುವೆ ಇನ್ನೊಂದು ರೇಸನ್ನೂ ಓಡಿತು. ಟ್ರಿಪಲ್ ಕ್ರೌನ್ ಅನ್ನೋ ಹೆಸರು ಪತ್ರಿಕೆಗಳಲ್ಲಿ ಬಳಕೆಗೆ ಬಂದು ಗಟ್ಟಿಯಾಗಿದ್ದು 1930ರ ದಶಕದಲ್ಲಿ. ಹನ್ನೊಂದು ಸಲ ಡರ್ಬಿಗಿಂತ ಮೊದಲೇ ಪ್ರೀಕ್ನೆಸ್ ನಡೆದದ್ದೂ ಇದೆ.

ಈಗ ಆ 37 ವರ್ಷಗಳ ಕಡೆ ನೋಡಿ. ಅಷ್ಟರಲ್ಲಿ 13 ಕುದುರೆಗಳು ಮೊದಲ ಎರಡು ರೇಸ್ ಗೆದ್ದವು. ಅಂದರೆ ವೇಗಕ್ಕೇನೂ ಕೊರತೆ ಇರಲಿಲ್ಲ, ಎಡವಿದ್ದೆಲ್ಲ ಬೆಲ್ಮಾಂಟ್‌ನಲ್ಲೇ. 1998ರಲ್ಲಿ ರಿಯಲ್ ಕ್ವೈಟ್ ಬರೀ ಮೂಗಿನಷ್ಟು ಅಂತರದಲ್ಲಿ ಸೋತಿತು. 2004ರಲ್ಲಿ ಸ್ಮಾರ್ಟಿ ಜೋನ್ಸ್ ನೋಡೋಕೆ 1,20,000ಕ್ಕೂ ಜಾಸ್ತಿ ಜನ ಸೇರಿದ್ದರು, ಕೊನೆಯ ನೇರ ಹಾದಿಯಲ್ಲಿ ಅದು ಮುಂದೆ ಇತ್ತು, ಗೆರೆ ಇನ್ನೇನು ಬಂತು ಅನ್ನುವಾಗ ಬರ್ಡ್‌ಸ್ಟೋನ್ ದಾಟಿ ಹೋಯಿತು. 2008ರಲ್ಲಿ ಬಿಗ್ ಬ್ರೌನ್ ಕೊನೆಯದಾಗಿ ಬಂತು. 2012ರಲ್ಲಿ ಐ ವಿಲ್ ಹ್ಯಾವ್ ಅನದರ್ ಗಾಯದಿಂದಾಗಿ ಓಡಲೇ ಇಲ್ಲ.

ಬರ್ಡ್‌ಸ್ಟೋನ್ ಪ್ರೀಕ್ನೆಸ್ ಬಿಟ್ಟು ಬಂದಿತ್ತು. 2014ರಲ್ಲಿ ಕ್ಯಾಲಿಫೋರ್ನಿಯಾ ಕ್ರೋಮ್‌ನ ಕನಸು ಮುರಿದ ಟೋನಲಿಸ್ಟ್ ಅಂತೂ ಮೊದಲ ಎರಡನ್ನೂ ಓಡಿರಲಿಲ್ಲ. ನನಗೆ ಕಾಣುವ ಮುಖ್ಯ ಕಾರಣ ಇದೇ: ಮೊದಲ ಎರಡನ್ನೂ ಓಡಿ ದಣಿದ ಕುದುರೆ, ಐದು ವಾರ ಆರಾಮಾಗಿ ಕಾದಿದ್ದ ಕುದುರೆಯನ್ನು, ಅದೂ ಅತಿ ದೂರದ ರೇಸ್‌ನಲ್ಲಿ, ಸೋಲಿಸಬೇಕು. ದೂರ ಒಂದೇ ಕಾರಣ ಅಲ್ಲ.

ಹಾಗಾದರೆ ರೇಸ್‌ಗಳ ನಡುವೆ ದಿನ ಜಾಸ್ತಿ ಕೊಡಿ ಅಂತ ಕೇಳುವವರಿದ್ದಾರೆ. ಅವರ ಮಾತು ಸುಮ್ನೆ ತಳ್ಳಿಹಾಕುವಂಥದ್ದಲ್ಲ. 1948ರಲ್ಲಿ ಸೈಟೇಷನ್ ಕೂಡ ಪ್ರೀಕ್ನೆಸ್ ಮತ್ತು ಬೆಲ್ಮಾಂಟ್ ನಡುವೆ ಇನ್ನೊಂದು ರೇಸ್ ಓಡಿ ಗೆದ್ದಿತ್ತು. ಇವತ್ತು ಹಾಗೆ ಓಡಿಸುವ ಟ್ರೇನರ್ ಸಿಗುವುದಿಲ್ಲ. ಈಗಿನ ಕುದುರೆಗಳು ವರ್ಷಕ್ಕೆ ಓಡುವುದೇ ಕೆಲವು ಸಲ. ಆದರೂ ವೇಳಾಪಟ್ಟಿ ಸಡಿಲ ಮಾಡುವುದು ನನಗೆ ಒಪ್ಪಿಗೆಯಿಲ್ಲ. 2015ರಲ್ಲಿ ಅಮೆರಿಕನ್ ಫೇರೋ ಇದೇ ಐದು ವಾರದಲ್ಲಿ ಮೂರನ್ನೂ ಗೆದ್ದಿತು, ಬೆಲ್ಮಾಂಟನ್ನು ಐದೂವರೆ ಕುದುರೆಯುದ್ದದಷ್ಟು ಮುಂದಿದ್ದು ಮುಗಿಸಿತು. 2018ರಲ್ಲಿ ಜಸ್ಟಿಫೈ ಗೆದ್ದಿತು. ಒಟ್ಟು 13 ಕುದುರೆಗಳು, ನೂರು ವರ್ಷದ ಲೆಕ್ಕದಲ್ಲಿ ಅಷ್ಟೇ.

2025ರಲ್ಲಿ ಸಾವರಿನ್ಟಿ ಡರ್ಬಿ ಗೆದ್ದಿತು, ಅದರ ತಂಡ ಪ್ರೀಕ್ನೆಸ್ ಬೇಡ ಅಂದಿತು. ಕುದುರೆಯ ಆರೋಗ್ಯ ನೋಡಿದರೆ ಅದು ಸರಿಯಾದ ತೀರ್ಮಾನವೇ, ಅಲ್ವಾ? ಡರ್ಬಿಯಲ್ಲಿ ಎರಡನೆಯದಾಗಿದ್ದ ಜರ್ನಲಿಸಂ ಪ್ರೀಕ್ನೆಸ್ ಗೆದ್ದು ಮೂರನೆಯದಕ್ಕೂ ಬಂತು. ಅಲ್ಲಿ ವಿಶ್ರಾಂತಿ ಪಡೆದಿದ್ದ ಸಾವರಿನ್ಟಿ ಮತ್ತೆ ಅದನ್ನು ಹಿಂದೆ ಹಾಕಿತು. ಆ ವರ್ಷದ ಸರಣಿಯಲ್ಲಿ ನನಗೆ ಜಾಸ್ತಿ ಇಷ್ಟವಾಗಿದ್ದು ಮಾತ್ರ ಮೂರನ್ನೂ ಓಡಿದ ಜರ್ನಲಿಸಂ.