ಆಲಿವ್ ಮರದ ಅಥೀನಾ: ಗ್ರೀಕರು ಪೂಜಿಸಿದ್ದು ಯಾವ ಮೂರ್ತಿಯನ್ನು?

ಗ್ರೀಕ್ ದೇವರೆಂದರೆ ಬಿಳಿ ಅಮೃತಶಿಲೆಯ ಪ್ರತಿಮೆ ಎಂದೇ ನಮ್ಮ ಕಣ್ಣಿಗೆ ರೂಢಿಯಾಗಿದೆ. ಆದರೆ ಅಥೆನ್ಸಿನ ಜನ ತಲೆತಲಾಂತರದಿಂದ ಉಡಿಸಿ ತೊಡಿಸಿ ಪೂಜಿಸಿದ್ದು ತಮ್ಮ ನಗರದೇವಿ ಅಥೀನಾಳ, ಆಲಿವ್ ಮರದ ಹಳೆಯ ಮೂರ್ತಿಯೊಂದನ್ನು. ಇಂಥ ವಿಗ್ರಹವನ್ನು ‘ಕ್ಸೊಅನೊನ್’ ಎನ್ನುತ್ತಾರೆ. ಕೆತ್ತು, ಹೆರೆ ಎಂಬರ್ಥದ ಕ್ರಿಯಾಪದದಿಂದ ಬಂದ ಮಾತು.

ಆ ಮೂರ್ತಿ ಆಕಾಶದಿಂದ ಬಿದ್ದದ್ದೆಂಬ ನಂಬಿಕೆಯಿತ್ತು. ಕ್ರಿ.ಪೂ. 438ರಲ್ಲಿ ಅಥೆನ್ಸಿನ ದೊಡ್ಡ ಗುಡಿ ಪಾರ್ಥೆನಾನ್‌ನಲ್ಲಿ ಶಿಲ್ಪಿ ಫಿಡಿಯಾಸನ ಚಿನ್ನ-ದಂತದ ಅಥೀನಾ ನಿಂತಳು, ಎತ್ತರ ಸುಮಾರು 12 ಮೀಟರ್. ಆದರೂ ಪಾನಥೀನಿಯಾ ಹಬ್ಬದಲ್ಲಿ ಹೆಂಗಸರು ನೇಯ್ದ ಉಡುಗೆ ಸಂದದ್ದು ಮರದ ದೇವಿಗೇ. ಕ್ರಿ.ಪೂ. 4ನೇ ಶತಮಾನದ ಶಾಸನಗಳಲ್ಲಿ ಅವಳ ಒಡವೆಗಳ ಪಟ್ಟಿಯಿದೆ: ಕಿವಿಯೋಲೆ, ಐದು ಕಂಠಹಾರ, ಚಿನ್ನದ ಗೂಬೆ, ಕೈಯಲ್ಲೊಂದು ಚಿನ್ನದ ಬಟ್ಟಲು. ಓದುತ್ತಿದ್ದರೆ ಗರ್ಭಗುಡಿಯ ಬಾಗಿಲಲ್ಲೇ ನಿಂತಂತಾಗುತ್ತದೆ. ವರ್ಷಕ್ಕೊಮ್ಮೆ, ಪ್ಲಿಂಟೀರಿಯಾ ಎಂಬ ತೊಳೆಯುವ ಹಬ್ಬದ ದಿನ, ಪ್ರಾಕ್ಸಿಯೆರ್ಗಿಡೈ ಮನೆತನದವರು ಅವೆಲ್ಲವನ್ನೂ ಕಳಚಿ ಮೂರ್ತಿಗೆ ಮುಸುಕು ಹಾಕುತ್ತಿದ್ದರು. ದೇವಿ ಮುಖ ತೋರದ ಆ ದಿನ ಯಾರೂ ಶುಭಕಾರ್ಯಕ್ಕೆ ಕೈ ಹಾಕುತ್ತಿರಲಿಲ್ಲ. ದೇಶಭ್ರಷ್ಟನಾಗಿದ್ದ ಸೇನಾನಿ ಆಲ್ಸಿಬಯಡೀಸ್ ಊರಿಗೆ ಮರಳಿದ್ದು ಅದೇ ದಿನ. ಅಪಶಕುನವೆಂದು ಜನ ಮಾತಾಡಿಕೊಂಡರು.

ಬೇರೆಡೆಯೂ ಇಂಥ ಆಚರಣೆಗಳಿದ್ದವು. ಸೇಮೋಸ್ ದ್ವೀಪದಲ್ಲಿ ದೇವಿ ಹೀರಾಳ ಮೂರ್ತಿಯನ್ನು ಕಡಲ ದಂಡೆಗೆ ಒಯ್ಯುತ್ತಿದ್ದರು. ಪ್ಲಾಟಿಯಾ ಊರಿನಲ್ಲಿ ಓಕ್ ಮರದ ಬೊಂಬೆಗಳನ್ನು ಮದುಮಗಳಂತೆ ಸಿಂಗರಿಸಿ ಕಿಥೈರಾನ್ ಬೆಟ್ಟದ ಮೇಲೆ ಸುಡುತ್ತಿದ್ದರು.

ಈ ಮರದ ಮೂರ್ತಿಗಳ ಬಗ್ಗೆ ಗೊಂದಲ ಹುಟ್ಟಿದ್ದು ಆಮೇಲೆ. ಕ್ರಿ.ಶ. 2ನೇ ಶತಮಾನದಲ್ಲಿ ದೇಶ ಸುತ್ತಿ ಬರೆದ ಗ್ರೀಕ್ ಲೇಖಕ ಪೌಸೇನಿಯಸ್ ‘ಕ್ಸೊಅನೊನ್’ ಪದವನ್ನು ಮರದ ವಿಗ್ರಹಕ್ಕೇ ಮೀಸಲಿಟ್ಟ. ಅವನಿಗಿಂತ ಹಿಂದಿನವರಲ್ಲಿ ಅರ್ಥ ಅಷ್ಟು ಖಚಿತವಾಗಿರಲಿಲ್ಲ. 19ನೇ ಶತಮಾನದ ವಿದ್ವತ್ತು ಅದರ ಮೇಲೊಂದು ಏಣಿ ಕಟ್ಟಿತು: ಮೊದಲು ಒರಟು ಹಲಗೆ, ನಂತರ ಮರದ ಬೊಂಬೆ, ಕೊನೆಗೆ ಕಲ್ಲಿನ ಮಹಾಶಿಲ್ಪ. 1878ರಲ್ಲಿ ಗ್ರೀಕ್ ದ್ವೀಪ ಡೀಲೋಸ್‌ನಲ್ಲಿ ಹಲಗೆಯಂತೆ ಚಪ್ಪಟೆಯಾದ ಅಮೃತಶಿಲೆಯ ಹೆಣ್ಣಿನ ಪ್ರತಿಮೆ ಸಿಕ್ಕಾಗ ಏಣಿಗೆ ಸಾಕ್ಷ್ಯವೇ ದೊರೆತಂತಾಯಿತು. ಒಂದು ಶತಮಾನ ಪಾಠಗಳು ಹಾಗೇ ನಡೆದವು. 1988ರಲ್ಲಿ ಗ್ರೀಕ್ ಶಿಲ್ಪದ ವಿದ್ವಾಂಸರಾದ ಎ. ಎ. ಡೊನೊಹ್ಯೂ ಆ ಪದದ ಬಳಕೆಯನ್ನೆಲ್ಲ ಜಾಲಾಡಿ, ಏಣಿಗೆ ಇದ್ದ ಆಧಾರ ಎಷ್ಟು ತೆಳುವೆಂದು ತೋರಿಸಿದರು.

ಏಣಿಯ ಲೆಕ್ಕದಲ್ಲಿ ಮರದ ಮೂರ್ತಿ ಬರೀ ಕೆಳಗಿನ ಮೆಟ್ಟಿಲು. ಫಿಡಿಯಾಸನ ಕೆಲಸ ಮುಗಿದ ಮೇಲೂ ಉಡುಗೆ ನೇಯ್ದ ಹೆಂಗಸರಿಗೆ ಅದು ಮೆಟ್ಟಿಲಾಗಿರಲಿಲ್ಲ, ದೇವಿಯಾಗಿತ್ತು. ಪುರಾಣದ ಶಿಲ್ಪಿ ಡೀಡಲಸ್ ಕೆತ್ತಿದನೆನ್ನುವ ಮೂರ್ತಿಗಳು ನೋಡಲು ವಿಕಾರ, ಆದರೂ ಅವುಗಳಲ್ಲಿ ದೈವತ್ವವಿದೆ ಎಂದು ಪೌಸೇನಿಯಸ್ ಕೂಡ ಬರೆದಿದ್ದಾನೆ.

ಅಥೆನ್ಸಿನ ಆ ಮೂರ್ತಿಯ ಒಂದು ಚಕ್ಕೆಯೂ ಉಳಿದಿಲ್ಲ. ಸೇಮೋಸ್‌ನ ಹೀರಾ ಗುಡಿಯ ನೀರು ನಿಂತ ಕೆಸರು ಮಾತ್ರ ಭಕ್ತರು ಒಪ್ಪಿಸಿದ ಕೆಲವು ಮರದ ಕೆತ್ತನೆಗಳನ್ನು ಕೊಳೆಯಗೊಡದೆ ಕಾಪಾಡಿದೆ.